ರೇಸ್ ಕಾರಿನ ಕಿಟ್ ಆರಿಸುವಾಗ ಭಾಗ ಎಣಿಸಬೇಡಿ, ಡೆಕಾಲ್ ಹಾಳೆ ನೋಡಿ

ಹೋದ ತಿಂಗಳು ಎದುರು ಮನೆಯ ಹುಡುಗ ಮೊಬೈಲಿನಲ್ಲಿ ಎರಡು ಕಿಟ್ ಡಬ್ಬಿಗಳ ಚಿತ್ರ ತೋರಿಸಿದ, ಭಾಗ ಜೋಡಿಸಿ ಬಣ್ಣ ಹೊಡೆಯುವ ಪ್ಲಾಸ್ಟಿಕ್ ಮಾದರಿ ಕಾರುಗಳು. ಒಂದು ಟಮಿಯಾ ಕಂಪನಿಯ ಸುಬಾರು ಇಂಪ್ರೆಜಾ ರ್‍ಯಾಲಿ ಕಾರು, 1/24 ಅಳತೆ. ಇನ್ನೊಂದು ಅದೇ ಕಂಪನಿಯ ಮೆಕ್‌ಲಾರೆನ್ ಎಂಪಿ4/6, 1/20 ಅಳತೆ. 1991ರಲ್ಲಿ ಐರ್ಟನ್ ಸೆನ್ನಾ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದು ಇದೇ ಕಾರಿನಲ್ಲಿ. "ಅಂಕಲ್, ಇದರಲ್ಲಿ ಯಾವುದು ಸುಲಭ? ಯಾವುದಕ್ಕೆ ಭಾಗ ಕಡಿಮೆ?" ಅಂತ ಕೇಳಿದ.

ಭಾಗ ಕಡಿಮೆ ಇದ್ದರೆ ಕೆಲಸ ಕಡಿಮೆ ಎನ್ನುವ ಲೆಕ್ಕ ಎಲ್ಲರೂ ಹಾಕುತ್ತಾರೆ. ಶುರುವಿನಲ್ಲಿ ನಾನೂ ಹಾಗೇ ಹಾಕಿದ್ದೆ. ಆದರೆ ಅಂಟು ಹಾಕಿ ಜೋಡಿಸುವುದು ಎರಡು ಮೂರು ಭಾನುವಾರದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಬಾಡಿಯ ಬಣ್ಣ, ಅದರ ಮೇಲಿನ ಪಟ್ಟೆ, ಪ್ರಾಯೋಜಕರ ಹೆಸರುಗಳು. ಅರ್ಧಕ್ಕೆ ನಿಂತ ಕಿಟ್‌ಗಳು ಯಾರ ಮನೆಯ ಕಪಾಟಿನಲ್ಲಿ ಇದ್ದರೂ ತೆಗೆದು ನೋಡಿ. ಎಂಜಿನ್ ಕಟ್ಟಿರುತ್ತದೆ, ಸೀಟು ಕೂರಿಸಿರುತ್ತದೆ, ಬಾಡಿ ಮಾತ್ರ ಹಾಗೇ ಬಿದ್ದಿರುತ್ತದೆ.

ಹಾಗಾಗಿ ಕಿಟ್ ಕೊಳ್ಳುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಕಾರಿನ ಬಣ್ಣ ಎಲ್ಲಿಂದ ಬರುತ್ತದೆ? ಪೇಂಟ್‌ನಿಂದಲೋ, ಡೆಕಾಲ್‌ನಿಂದಲೋ (ನೀರಿನಲ್ಲಿ ನೆನೆಸಿ ಬಾಡಿಗೆ ಅಂಟಿಸುವ ಅಚ್ಚಿನ ಚಿತ್ರ), ಎರಡೂ ಸೇರಿಯೋ?

ಐದು ಕಾರು, ಐದು ಥರದ ಕಷ್ಟ

ಇಂಪ್ರೆಜಾ ತಗೊಳ್ಳಿ. ಇಡೀ ಬಾಡಿಗೆ ಒಂದೇ ನೀಲಿ. ಟಮಿಯಾದ ಸ್ಪ್ರೇ ಡಬ್ಬಿಗಳಲ್ಲಿ ಟಿಎಸ್-50 ಎನ್ನುವ ಮೈಕಾ ನೀಲಿ ಇದಕ್ಕೆ ಸರಿಹೋಗುತ್ತದೆ. ಹಳದಿ ನಕ್ಷತ್ರ, ನಂಬರು, ಟೈರ್ ಕಂಪನಿಯ ಹೆಸರು ಎಲ್ಲವೂ ಡೆಕಾಲ್. ಟೇಪ್ ಹಚ್ಚಿ ಎರಡು ಬಣ್ಣ ಬೇರ್ಪಡಿಸುವ ಗೋಳಿಲ್ಲ. ಡೆಕಾಲ್ ಸ್ವಲ್ಪ ಆಚೀಚೆ ಆದರೂ ಕಣ್ಣಿಗೆ ಹೊಡೆಯುವುದಿಲ್ಲ. ಮೊದಲ ಕಾರಿಗೆ ಇಂಥದ್ದೇ ಬೇಕು.

ಎಂಪಿ4/6 ಹಾಗಲ್ಲ. ಬಿಳಿ ಮತ್ತು ಫ್ಲೋರೊಸೆಂಟ್ ಕೆಂಪು. ಎರಡೂ ಸೇರುವ ಗೆರೆ ಎಂಜಿನ್ ಕವರ್ ಮೇಲೆ, ಪಕ್ಕದ ಪಾಡ್ ಮೇಲೆ, ಮೂಗಿನ ಮೇಲೆ ಓರೆಯಾಗಿ ಹೋಗುತ್ತದೆ. ಇವೆಲ್ಲ ಬೇರೆ ಬೇರೆ ತುಂಡುಗಳು. ಜೋಡಿಸಿದಾಗ ಗೆರೆ ಒಂದಕ್ಕೊಂದು ಕೂಡಬೇಕು. ಫ್ಲೋರೊಸೆಂಟ್ ಬಣ್ಣಕ್ಕೆ ಕೆಳಗಡೆ ಶುದ್ಧ ಬಿಳಿ ಇಲ್ಲದಿದ್ದರೆ ಮಂಕಾಗುತ್ತದೆ. ಬಿಸಿಲು ಬೀಳುವ ಕಡೆ ಇಟ್ಟರೆ ಕೆಲವೇ ವರ್ಷದಲ್ಲಿ ಪೇಲವವಾಗುತ್ತದೆ. ಇನ್ನೊಂದು ವಿಷಯ. ಆ ಕಾಲದ ಎಷ್ಟೋ ಕಾರುಗಳು ಸಿಗರೇಟ್ ಕಂಪನಿಗಳ ಹೆಸರು ಹೊತ್ತು ಓಡಿದವು. ಈಗಿನ ಕಿಟ್‌ಗಳಲ್ಲಿ ಆ ಹೆಸರುಗಳು ಸಾಮಾನ್ಯವಾಗಿ ಇರುವುದಿಲ್ಲ. ಬೇರೆಯವರು ಅಚ್ಚು ಹಾಕಿದ ಡೆಕಾಲ್ ಹಾಳೆಯನ್ನು ಪ್ರತ್ಯೇಕವಾಗಿ ತರಿಸಬೇಕು. ಕಿಟ್‌ನ ಬೆಲೆ ನೋಡುವಾಗ ಇದನ್ನೂ ಸೇರಿಸಿ ನೋಡಿ.

ಮೂರನೆಯದು ಹಸೆಗಾವಾ ಕಂಪನಿಯ ಲ್ಯಾನ್ಸಿಯಾ ಸ್ಟ್ರಾಟೋಸ್ ಕಿಟ್. 1977ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ, ಅಲಿಟಾಲಿಯಾ ವಿಮಾನ ಕಂಪನಿಯ ಹಸಿರು ಕೆಂಪು ಪಟ್ಟೆಯ ಕಾರು. ನನ್ನ ಮಟ್ಟಿಗೆ ಇದಕ್ಕಿಂತ ಚೆಂದದ ರ್‍ಯಾಲಿ ಕಾರಿಲ್ಲ. ಪೇಂಟ್ ಬರೀ ಬಿಳಿ, ಅದು ಸುಲಭ. ಆದರೆ ಅಗಲವಾದ ಡೆಕಾಲ್‌ಗಳು ಉಬ್ಬಿದ ಮಡ್‌ಗಾರ್ಡ್ ಮೇಲೆ ಕೂರಬೇಕು. ಚಪ್ಪಟೆ ಹಾಳೆಯನ್ನು ಚೆಂಡಿಗೆ ಸುತ್ತಿದ ಹಾಗೆ ಅಲ್ವಾ ಅದು. ಎರಡು ಕಾರು ಮುಗಿಸಿದ ಮೇಲೆ ಇದಕ್ಕೆ ಕೈ ಹಾಕಿ.

ಫುಜಿಮಿ ಕಂಪನಿಯ ಪೋರ್ಶ 917ಕೆ, ಗಲ್ಫ್ ತೈಲ ಕಂಪನಿಯ ಬಣ್ಣದ್ದು, ತುಂಬಾ ಜನ ಆಸೆಯಿಂದ ಕೊಳ್ಳುವ ಕಿಟ್. ತಿಳಿನೀಲಿ ಮೇಲೆ ಕಿತ್ತಳೆ ಪಟ್ಟೆ. ಇಲ್ಲಿ ಕಿತ್ತಳೆಯನ್ನು ಡೆಕಾಲ್ ಹಾಕುವುದೋ, ಬಳಿಯುವುದೋ ಎಂದು ಮೊದಲೇ ತೀರ್ಮಾನಿಸಬೇಕು. ಅರ್ಧ ಡೆಕಾಲ್ ಹಾಕಿ, ಸಂದಿಯಲ್ಲಿ ಬಿಟ್ಟುಹೋದ ಜಾಗಕ್ಕೆ ಬ್ರಷ್‌ನಿಂದ ತೇಪೆ ಹಚ್ಚಿದರೆ ಎರಡು ಕಿತ್ತಳೆ ಎಂದೂ ಕೂಡುವುದಿಲ್ಲ. ನಾನಾದರೆ ಬಳಿಯುತ್ತೇನೆ.

ಐದನೆಯದು 1989ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಯ ರೇಸ್ ಗೆದ್ದ ಸೌಬರ್ ಮರ್ಸಿಡಿಸ್ ಸಿ9. ಬರೀ ಬೆಳ್ಳಿ ಬಣ್ಣ, ಡೆಕಾಲ್ ಕಡಿಮೆ. ಇದು ಸುಲಭ ಎಂದು ಕಾಣುತ್ತದೆ. ಅಲ್ಲ. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಮೋಡ ಕವಿದ ಹಾಗೆ ಕಾಣುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಕೈಗೆ ಹತ್ತಿದ ಮೇಲೆ ಮಾಡುವ ಕಾರು ಇದು.

ಅಳತೆ: 24, 20, 12

1/24 ಅಂದರೆ ನಿಜವಾದ ಕಾರಿನ 24ನೇ ಒಂದು ಪಾಲು. ಇಂಪ್ರೆಜಾ ಈ ಅಳತೆಯಲ್ಲಿ ಸುಮಾರು 18 ಸೆಂ.ಮೀ. ಉದ್ದ ಬರುತ್ತದೆ, ಅಂಗೈ ಮೇಲೆ ಕೂರುತ್ತದೆ. ರ್‍ಯಾಲಿ ಕಾರು, ಲ ಮಾನ್ ಕಾರುಗಳಿಗೆ ಆಯ್ಕೆ ಜಾಸ್ತಿ ಇರುವುದು ಇಲ್ಲೇ. ಬೆಲೆಯೂ ಕಡಿಮೆ. ರ್‍ಯಾಲಿ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಇರುವುದಿಲ್ಲ, ಬಾನೆಟ್ ತೆರೆಯುವುದಿಲ್ಲ. ಇದು ಕೊರತೆಯೇನಲ್ಲ. ಆ ಸಮಯ ಪೂರ್ತಿ ಬಾಡಿಗೆ ಸಿಗುತ್ತದೆ.

ನಮ್ಮ ಕಡೆ ಚಿಕ್ಕಮಗಳೂರಿನ ಕಾಫಿ ತೋಟದ ರ್‍ಯಾಲಿ ನೋಡಿದವರಿಗೆ ಮಾರುತಿ ಜಿಪ್ಸಿ ಮಾಡಬೇಕು ಅನ್ನಿಸುವುದು ಸಹಜ. ಹಸೆಗಾವಾ ಕಂಪನಿಯ ಸುಜುಕಿ ಜಿಮ್ನಿ ಜೆಎ11 ಕಿಟ್ ಅದೇ ವಂಶದ ಗಾಡಿ. ಆದರೆ ಜಿಪ್ಸಿಯ ಎರಡು ಆಕ್ಸಲ್ ನಡುವಿನ ಅಂತರ 2,375 ಮಿ.ಮೀ., ಆ ಜಿಮ್ನಿಯದ್ದು 2,030. ಅಂದರೆ 1/24ರಲ್ಲಿ ಬಾಡಿಯನ್ನು ಕತ್ತರಿಸಿ 14 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದ ಮಾಡಬೇಕು. ಮೊದಲ ಕಾರಿಗೆ ಬೇಡ, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

1/20 ಫಾರ್ಮುಲಾ ಒನ್ ಕಾರುಗಳ ಅಳತೆ. ಬರೀ ನಾಲ್ಕು ಪಾಯಿಂಟ್ ವ್ಯತ್ಯಾಸ ಎಂದುಕೊಳ್ಳಬೇಡಿ. ಇಲ್ಲಿ ಚಕ್ರ ಹೊರಗೆ, ಸಸ್ಪೆನ್ಷನ್ ಹೊರಗೆ, ಕವರ್ ತೆಗೆದರೆ ಎಂಜಿನ್ ಪೂರ್ತಿ ಕಾಣುತ್ತದೆ. ಎಂಪಿ4/6ರಲ್ಲಿ ಹೋಂಡಾದ ವಿ12 ಎಂಜಿನ್. ಕಡ್ಡಿಯಂಥ ಸಸ್ಪೆನ್ಷನ್ ತೋಳುಗಳು, ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಫ್ರೇಮಿನಿಂದ ಬಿಡಿಸುವಾಗಲೇ ಮುರಿಯುತ್ತವೆ. ಕಟರ್ ಹಿಡಿಯುವ ಕೈ ಪಳಗಿರಬೇಕು.

1/12 ಬೇರೆಯದೇ ಲೋಕ. ಟಮಿಯಾ 1967ರಲ್ಲಿ ಹೋಂಡಾ ಆರ್‌ಎ273 ಕಾರನ್ನು ಈ ಅಳತೆಯಲ್ಲಿ ತಂದಿತ್ತು. ಎಂಪಿ4/6 ಕೂಡ 1/12ರಲ್ಲಿ ಇದೆ. 1/20ರಲ್ಲಿ ಸುಮಾರು 22 ಸೆಂ.ಮೀ. ಇರುವ ಕಾರು ಇಲ್ಲಿ 37 ಸೆಂ.ಮೀ. ಆಗುತ್ತದೆ. ಬೆಲೆ ಹಲವು ಪಟ್ಟು. ಕಪಾಟಿನ ಅರ್ಧ ಹಲಗೆ ಬೇಕು. ಆದರೆ ವೈರು, ಪೈಪು, ನಟ್ಟು ಬೋಲ್ಟು ಎಂದರೆ ಜೀವ ಬಿಡುವವರಿಗೆ ಇದರಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ನಿಜವಾದ ಸ್ಪಾರ್ಕ್ ಪ್ಲಗ್ ವೈರು ಸುಮಾರು 7 ಮಿ.ಮೀ. ದಪ್ಪ. 1/24ರಲ್ಲಿ ಅದು 0.3 ಮಿ.ಮೀ. ಆಗುತ್ತದೆ. ಮೂರ್ನಾಲ್ಕು ಕೂದಲು ಸೇರಿದಷ್ಟು ದಪ್ಪ, ಅಷ್ಟೇ. 1/12ರಲ್ಲಿ 0.6 ಮಿ.ಮೀ. ಹತ್ತಿರ ಬರುತ್ತದೆ. ಅದನ್ನು ಚಿಮುಟದಲ್ಲಿ ಹಿಡಿಯಬಹುದು, ತೂತು ಕೊರೆದು ಸಿಕ್ಕಿಸಬಹುದು.

1/43ರ ಪುಟ್ಟ ಕಾರುಗಳು ಜಾಗ ಉಳಿಸುತ್ತವೆ. ಆದರೆ ಕಲಿಯುವುದಕ್ಕೆ ಅಲ್ಲ.

ಸ್ಪ್ರೇ ಡಬ್ಬಿಯೋ, ಏರ್‌ಬ್ರಷ್ಷೋ

ಜಪಾನಿನಲ್ಲೋ ಯುರೋಪಿನಲ್ಲೋ ಇರುವವರಿಗೆ ಉತ್ತರ ಸುಲಭ. ಮೊದಲ ಎರಡು ಕಾರಿಗೆ ಸ್ಪ್ರೇ ಡಬ್ಬಿ ತಗೊಳ್ಳಿ, ಚೆನ್ನಾಗಿಯೇ ಬರುತ್ತದೆ. ನಮ್ಮಲ್ಲಿ ಒಂದು ತೊಡಕಿದೆ. ಒತ್ತಡ ತುಂಬಿದ ಡಬ್ಬಿ ಬೆಂಕಿ ಹತ್ತುವ ವಸ್ತು. ವಿಮಾನದ ಪಾರ್ಸೆಲ್‌ನಲ್ಲಿ ಸುಮ್ನೆ ಕಳಿಸಲು ಬಿಡುವುದಿಲ್ಲ. ಹಾಗಾಗಿ ಕಿಟ್ ಹೊರಗಿನಿಂದ ಬಂದರೂ ಅದಕ್ಕೆ ಹೇಳಿದ ಬಣ್ಣದ ಡಬ್ಬಿ ಬರುವುದಿಲ್ಲ. ಊರಿನ ಹಾಬಿ ಅಂಗಡಿಯಲ್ಲಿ ಆ ನಂಬರು ಇದೆಯಾ ಎಂದು ಕಿಟ್ ಕೊಳ್ಳುವ ಮೊದಲೇ ವಿಚಾರಿಸಿ. ಇಂಪ್ರೆಜಾದಂಥ ಒಂದೇ ಬಣ್ಣದ ಕಾರು ಇಲ್ಲಿಯೂ ಗೆಲ್ಲುತ್ತದೆ, ಒಂದು ಡಬ್ಬಿ ಹುಡುಕಿದರೆ ಆಯಿತು. ಡಬ್ಬಿ ಮೇಲಿನ ಅಕ್ಷರವನ್ನೂ ನೋಡಿ. ಟಿಎಸ್ ಅಂದರೆ ಪ್ಲಾಸ್ಟಿಕ್ ಕಿಟ್‌ಗೆ. ಪಿಎಸ್ ಅಂದರೆ ರಿಮೋಟ್ ಕಾರಿನ ಪಾರದರ್ಶಕ ಬಾಡಿಗೆ, ಅದನ್ನು ಕಿಟ್‌ಗೆ ಹೊಡೆಯಬೇಡಿ.

ಕಾರು, ಬೈಕಿಗೆ ಟಚ್-ಅಪ್ ಮಾಡುವ ಸ್ಪ್ರೇ ನಡೆಯುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. ನಡೆಯಬಹುದು, ಆದರೆ ಅದರ ತಿನ್ನರ್ ಖಾರ. ಪ್ರೈಮರ್ ಇಲ್ಲದೆ ಹೊಡೆದರೆ ಪ್ಲಾಸ್ಟಿಕ್ ಮೈ ಬಿರುಕು ಬಿಟ್ಟ ಕೆರೆಯ ಹಾಗೆ ಆಗುತ್ತದೆ. ಮೊದಲು ಐಸ್‌ಕ್ರೀಂ ಅಂಗಡಿಯ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷೆ ಮಾಡುತ್ತಿದ್ದೆವು. 2022ರ ಜುಲೈಯಿಂದ ಅವು ನಿಷೇಧವಾದವು. ಈಗ ಕಿಟ್‌ನಲ್ಲಿ ಉಳಿಯುವ ಫ್ರೇಮಿನ ತುಂಡು, ಬಳಸದ ಭಾಗಗಳನ್ನು ನಾನು ಒಂದು ಡಬ್ಬದಲ್ಲಿ ಕೂಡಿಡುತ್ತೇನೆ. ಅವು ಕಾರಿನದೇ ಪ್ಲಾಸ್ಟಿಕ್, ಆದ್ದರಿಂದ ಪರೀಕ್ಷೆಯೂ ಸರಿಯಾಗಿ ಆಗುತ್ತದೆ.

ಏರ್‌ಬ್ರಷ್‌ಗೆ ಒಮ್ಮೆ ಜಾಸ್ತಿ ಖರ್ಚು. 0.3 ಮಿ.ಮೀ. ನಾಜಲ್ ಇರುವ ಬ್ರಷ್, ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್. ಟ್ಯಾಂಕ್ ಇಲ್ಲದ್ದು ತಗೊಂಡರೆ ಗಾಳಿ ಮಿಡಿದು ಮಿಡಿದು ಬರುತ್ತದೆ. ಆದರೆ ಬಣ್ಣದ ಆಯ್ಕೆ ತೆರೆದುಕೊಳ್ಳುತ್ತದೆ. ಬಾಟಲಿಯಲ್ಲಿ ಬರುವ ಬಣ್ಣ ಬೆರೆಸಿ ಬೇಕಾದ ನೀಲಿ ಮಾಡಿಕೊಳ್ಳಬಹುದು. ಪದರ ತೆಳುವಾಗಿ ಬರುತ್ತದೆ, ಬಾಗಿಲಿನ ಗೆರೆಗಳು ಮುಚ್ಚಿಹೋಗುವುದಿಲ್ಲ. ಪೇಂಟ್ ಅಂಗಡಿಯ ಎನ್‌ಸಿ ತಿನ್ನರ್ ಬ್ರಷ್ ತೊಳೆಯುವುದಕ್ಕೆ ಒಳ್ಳೆಯದು. ಬಣ್ಣಕ್ಕೆ ಬೆರೆಸಲು ಮಾತ್ರ ಆಯಾ ಬಣ್ಣದ ಕಂಪನಿಯ ತಿನ್ನರನ್ನೇ ಬಳಸಿ.

ಮೂರು ಕಾರು ಮಾಡುತ್ತೇನೆ ಎನ್ನುವ ಮನಸ್ಸಿದ್ದರೆ ಏರ್‌ಬ್ರಷ್. ಒಂದು ಮಾಡಿ ನೋಡುತ್ತೇನೆ ಎಂದರೆ ಸ್ಪ್ರೇ ಡಬ್ಬಿ.

ಯಾವುದೇ ತಗೊಳ್ಳಿ, ಮಳೆಗಾಲದಲ್ಲಿ ಬಾಡಿಗೆ ಲ್ಯಾಕರ್ (ಟಿಎಸ್ ಡಬ್ಬಿಯಲ್ಲಿರುವಂಥ ಬಣ್ಣ) ಹೊಡೆಯಬೇಡಿ. ಲ್ಯಾಕರ್‌ನ ತಿನ್ನರ್ ಬೇಗ ಆರುತ್ತದೆ, ಆರುವಾಗ ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿರುವ ತೇವ ಆ ತಣ್ಣನೆಯ ಮೈ ಮೇಲೆ ಕೂರುತ್ತದೆ. ಹೊಳೆಯುವ ನೀಲಿ ನೋಡನೋಡುತ್ತಾ ಬೂದಿ ಎರಚಿದ ಹಾಗೆ ಬೆಳ್ಳಗಾಗುತ್ತದೆ. ನನಗೆ ಇದು ಮಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಆಯಿತು. ಮಳೆ ನಿಂತಿತ್ತು, ಬಿಸಿಲೂ ಇತ್ತು, ಅದಕ್ಕೇ ಹೊಡೆದೆ. ಬಿಸಿಲು ಇದ್ದರೆ ಸಾಲದು, ಗಾಳಿ ಒಣಗಿರಬೇಕು. ಈಗ ಗೋಡೆಯ ಮೇಲೆ ಸಣ್ಣ ತೇವಮಾಪಕ ಇದೆ. ಮುಳ್ಳು ಶೇ. 70 ದಾಟಿದರೆ ಲ್ಯಾಕರ್ ಮುಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್, ಸೀಟು, ಡ್ಯಾಶ್‌ಬೋರ್ಡ್. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾಡಿ. ಹಾಗೆ ಬೆಳ್ಳಗಾದರೂ ಗಾಬರಿ ಬೇಡ. ಒಣ ದಿನ ನೋಡಿ, ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ಮಂಜಿನ ಹಾಗೆ ಮೇಲಿಂದ ಹೊಡೆದರೆ ಬಹಳ ಸಲ ಸರಿಹೋಗುತ್ತದೆ.

ಕೆಂಪು ಪ್ಲಾಸ್ಟಿಕ್‌ನಲ್ಲಿ ಅಚ್ಚಾದ ಬಾಡಿಗೆ ಬಿಳಿ ಹೊಡೆಯುವ ಯೋಚನೆ ಇದ್ದರೂ ಹುಷಾರು. ಕೆಂಪು ಕೆಳಗಿನಿಂದ ಊರಿ ಬಿಳಿಯನ್ನು ಗುಲಾಬಿ ಮಾಡುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಪದರ ಹಾಕಿ ತಡೆಯಬೇಕು.

ಡೆಕಾಲ್ ಕೂರಿಸುವಾಗ

ಸ್ಟ್ರಾಟೋಸ್‌ನ ಹಿಂದಿನ ಮಡ್‌ಗಾರ್ಡ್ ಮೇಲೆ ಹಸಿರು ಪಟ್ಟೆ ಕೂರಿಸಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಬದಿ ಕಾಗದದಿಂದ ಜಾರಿಸಿ, ಜಾಗದಲ್ಲಿ ಇಟ್ಟೆ. ನಡುವಿನಿಂದ ಅಂಚಿಗೆ ಹತ್ತಿಕಡ್ಡಿ ಉರುಳಿಸಿ ನೀರು ತೆಗೆದೆ. ಉಬ್ಬಿನ ಮೇಲೆ ಎರಡು ನೆರಿಗೆ ಉಳಿದವು. ಡೆಕಾಲ್ ಮೆತ್ತಗೆ ಮಾಡುವ ದ್ರಾವಣವನ್ನು ಬ್ರಷ್ ತುದಿಯಿಂದ ಹಚ್ಚಿದೆ. ಎರಡು ನಿಮಿಷದಲ್ಲಿ ಇಡೀ ಪಟ್ಟೆ ಹಪ್ಪಳ ಸುಟ್ಟ ಹಾಗೆ ಸುಕ್ಕುಗಟ್ಟಿತು. ಹೆದರಿ ಬೆರಳಲ್ಲಿ ಒತ್ತಿದೆ. ಪಟ್ಟೆ ಬೆರಳಿಗೇ ಅಂಟಿ ಹರಿಯಿತು.

ಆ ಸುಕ್ಕು ಬರಲೇಬೇಕು. ದ್ರಾವಣ ಡೆಕಾಲನ್ನು ಕರಗಿಸಿದಷ್ಟು ಮೆತ್ತಗೆ ಮಾಡುತ್ತದೆ, ಆಮೇಲೆ ಆರುತ್ತಾ ಅದು ತಾನಾಗಿ ಎಳೆದುಕೊಂಡು ಮೈಗೆ ಅಂಟುತ್ತದೆ. ಕೈ ಹಿಂದೆ ಕಟ್ಟಿಕೊಂಡು ಅರ್ಧ ಗಂಟೆ ಎದ್ದು ಹೋಗಬೇಕು.

ಇಲ್ಲಿಯೂ ಎರಡು ಥರ ಇದೆ. ಮಿಸ್ಟರ್ ಮಾರ್ಕ್ ಸೆಟ್ಟರ್, ಮೈಕ್ರೋ ಸೆಟ್ ಕೆಳಗೆ ಹಚ್ಚುವುದಕ್ಕೆ, ಹಿಡಿತಕ್ಕೆ. ಮಿಸ್ಟರ್ ಮಾರ್ಕ್ ಸಾಫ್ಟರ್, ಮೈಕ್ರೋ ಸಾಲ್ ಮೇಲೆ ಹಚ್ಚುವುದಕ್ಕೆ, ಮೆತ್ತಗಾಗಲು. ಒಂದೇ ಕೊಳ್ಳಬೇಕೆಂದರೆ ಮೇಲೆ ಹಚ್ಚುವುದನ್ನು ಕೊಳ್ಳಿ. ಇಟಲಿಯ ಕಾರ್ಟೋಗ್ರಾಫ್ ಅಚ್ಚು ಹಾಕಿದ ಡೆಕಾಲ್ ಇದೆ ಎಂದು ಡಬ್ಬಿ ಮೇಲೆ ಬರೆದಿದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ತೆಳು, ಆದರೂ ಗಟ್ಟಿ.

ಮೇಲಿನ ಹೊಳಪು

ಡೆಕಾಲ್ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಹೊಡೆಯಲು ಮುಖ್ಯವಾಗಿ ಎರಡು ದಾರಿ. ಲ್ಯಾಕರ್ ಕ್ಲಿಯರ್, ಉದಾಹರಣೆಗೆ ಟಿಎಸ್-13. ಅಥವಾ ಗಟ್ಟಿಕಾರಕ ಬೆರೆಸುವ ಟೂ-ಕೆ ಕ್ಲಿಯರ್. ಟೂ-ಕೆ ಗಾಜಿನ ಹಾಗೆ ಹೊಳೆಯುತ್ತದೆ, ಒಂದೆರಡು ಪದರ ಸಾಕು. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕ್ಕೆ ಅಪಾಯ, ಒಮ್ಮೆ ಮೈಗೆ ಒಗ್ಗದೆ ಹೋದರೆ ಜೀವಮಾನವಿಡೀ ಉಬ್ಬಸ ಕಾಡಬಹುದು. ಮಕ್ಕಳು, ವಯಸ್ಸಾದವರು ಇರುವ ಫ್ಲಾಟ್‌ನಲ್ಲಿ, ಬಾಲ್ಕನಿಯಲ್ಲಿ ಅದನ್ನು ಹೊಡೆಯಬೇಡಿ. ಹೊಳಪು ಎಷ್ಟೇ ಚೆನ್ನಾಗಿರಲಿ, ನನ್ನ ಮನೆಗೆ ಅದು ಬಂದಿಲ್ಲ. ಲ್ಯಾಕರ್‌ಗೂ ಕಾರ್ಟ್ರಿಡ್ಜ್ ಹಾಕುವ ಮಾಸ್ಕ್ ಬೇಕೇ ಬೇಕು, ಬಟ್ಟೆಯ ಮಾಸ್ಕ್ ಉಪಯೋಗಕ್ಕಿಲ್ಲ.

ಲ್ಯಾಕರ್ ಕ್ಲಿಯರ್ ಮೊದಲ ಸಲವೇ ದಪ್ಪ ಹೊಡೆದರೆ ಡೆಕಾಲನ್ನು ತಿನ್ನುತ್ತದೆ. ಮೊದಲು ಎರಡು ಸಲ ದೂರದಿಂದ ಹನಿ ಹನಿಯಾಗಿ, ಆರಿದ ಮೇಲೆ ಒದ್ದೆಯಾಗಿ. ಒಂದು ವಾರ ಬಿಟ್ಟು 2000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಹೊಳಪು ತರುವ ಪಾಲಿಶ್ ಕಾಂಪೌಂಡ್ ಹಚ್ಚಿ. ಬಾಗಿಲಿನ ಅಂಚು, ಮಡ್‌ಗಾರ್ಡ್ ತುದಿ ಇವುಗಳನ್ನು ಮಾತ್ರ ಉಜ್ಜಬೇಡಿ. ಅಲ್ಲಿ ಪದರ ತೆಳು, ಎರಡು ಸಲ ಕೈ ಆಡಿಸಿದರೆ ಪ್ರೈಮರ್ ಕಾಣುತ್ತದೆ.

ಡೀಟೇಲ್‌ಗೆ ಎಷ್ಟು ಖರ್ಚು

ಲೋಹದ ಹಾಳೆಯಲ್ಲಿ ಕೊರೆದ ಫೋಟೋ ಎಚ್ ಸೆಟ್, ಕಾರ್ಬನ್ ಫೈಬರ್ ಡೆಕಾಲ್, ಲೇಥ್‌ನಲ್ಲಿ ತಿರುಗಿಸಿದ ರಿಮ್ಮು, ಎಲ್ಲವೂ ಸಿಗುತ್ತವೆ. ಎಲ್ಲ ಕೊಂಡರೆ ಕಿಟ್‌ಗಿಂತ ಜಾಸ್ತಿ ಆಗುತ್ತದೆ. ಒಂದನ್ನೇ ಕೊಳ್ಳಿ ಎಂದರೆ ನಾನು ಸೀಟ್ ಬೆಲ್ಟ್ ಎನ್ನುತ್ತೇನೆ. ಕಿಟಕಿಯಿಂದ ಇಣುಕಿದಾಗ ಮೊದಲು ಕಾಣುವುದು ಅದು. ಡೆಕಾಲ್ ಬೆಲ್ಟ್ ಸೀಟಿಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಬಟ್ಟೆಯ ರಿಬ್ಬನ್‌ಗೆ ಲೋಹದ ಬಕಲ್ ಹಾಕಿದರೆ ಡ್ರೈವರ್ ಈಗಷ್ಟೇ ಇಳಿದು ಹೋದ ಹಾಗೆ ಸೀಟಿನ ಮೇಲೆ ಮಡಚಿ ಬೀಳುತ್ತದೆ. ವೈರಿಗೆ ದುಡ್ಡು ಕೊಡಬೇಕಿಲ್ಲ. ಹಾಳಾದ ಚಾರ್ಜರ್ ಕೇಬಲ್ ಸಿಪ್ಪೆ ತೆಗೆದರೆ ಒಳಗೆ ಬೇಕಾದಷ್ಟು ತಾಮ್ರದ ಎಳೆ ಇರುತ್ತದೆ. ಟೈರಿನ ಮೇಲ್ಮೈಯನ್ನು ವಾಟರ್ ಪೇಪರ್‌ನಿಂದ ಮೆಲ್ಲಗೆ ಉಜ್ಜಿ ಹೊಳಪು ತೆಗೆಯಿರಿ, ಓಡಿ ಬಂದ ಟೈರ್ ಆಗುತ್ತದೆ.

ಹಳೆ ಡಬ್ಬಿ ಸಿಕ್ಕಿದರೆ

ಟಮಿಯಾ ತನ್ನ ಹಳೆ ಕಿಟ್‌ಗಳನ್ನು ಆಗಾಗ ಮತ್ತೆ ಅಚ್ಚು ಹಾಕುತ್ತದೆ. ಹಾಗಾಗಿ ಯಾರದೋ ಅಟ್ಟದ ಮೇಲಿನ ಹಳೆ ಡಬ್ಬಿಗೆ ಜಾಸ್ತಿ ಬೆಲೆ ಕೊಡುವ ಮೊದಲು ಅದೇ ಕಾರು ಹೊಸದಾಗಿ ಬಂದಿದೆಯಾ ನೋಡಿ. ಪ್ಲಾಸ್ಟಿಕ್ ನಲವತ್ತು ವರ್ಷ ಇಟ್ಟರೂ ಏನೂ ಆಗುವುದಿಲ್ಲ. ಹಾಳಾಗುವುದು ಡೆಕಾಲ್. ಮಾರುವವರ ಹತ್ತಿರ ಡೆಕಾಲ್ ಹಾಳೆಯ ಫೋಟೋ ಕೇಳಿ, ಬಿಳಿ ಅಕ್ಷರಗಳು ಹಳದಿ ಆಗಿವೆಯಾ ನೋಡಿ. ಹಳದಿ ಆಗಿದ್ದರೆ ಹಾಳೆಯನ್ನು ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಂದೆರಡು ವಾರ ಅಂಟಿಸಿಡಿ. ಎಷ್ಟೋ ಸಲ ಬಿಳಿ ವಾಪಸ್ ಬರುತ್ತದೆ. ಆಮೇಲೆ ಬೇಡದ ಒಂದು ಸಣ್ಣ ಅಕ್ಷರ ಕತ್ತರಿಸಿ ನೀರಿಗೆ ಹಾಕಿ. ಇಡಿಯಾಗಿ ಜಾರಿದರೆ ಉಳಿದದ್ದನ್ನು ಧೈರ್ಯವಾಗಿ ಬಳಸಿ. ಚೂರು ಚೂರಾದರೆ ಇಡೀ ಹಾಳೆಗೆ ಒಂದು ಪದರ ಕ್ಲಿಯರ್ ಹೊಡೆದು ಒಣಗಿಸಿ, ಒಂದೊಂದನ್ನೇ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಬಳಸಿ.